ತಿಪ್ಪೆಯ ಪಾಠ

ಅಹಮದಾಬಾದಿನಲ್ಲಿ ನೆಲೆಸಿದ ಹೊಸತರಲ್ಲಿ ನಾವು ಪಿರಾಣಾದ ಕಸದ ಗುಡ್ಡವನ್ನು ಕಂಡೆವು. ಹೊಗೆಯಾಡುತ್ತಿದ್ದ ಆ ರಾಶಿಯಲ್ಲಿ ನಮ್ಮ ಮನೆಯ ಪಾಲೂ ಉಂಟೆಂದು ನೆನೆದಾಗ ಮನಸ್ಸು ಕುಗ್ಗಿತು. ಊರಿನಲ್ಲಿ ನಮ್ಮ ಅಜ್ಜಿಯು ಮನೆಯ ಕಸವನ್ನೆಲ್ಲ ಹಿತ್ತಿಲ ತಿಪ್ಪೆಗೇ ಹಾಕುತ್ತಿದ್ದಳು.

ನಾವೂ ತೂತುಗಳುಳ್ಳ ಮಣ್ಣಿನ ಮಡಕೆಯೊಂದರಲ್ಲಿ ತರಕಾರಿಯ ಸಿಪ್ಪೆಯನ್ನು ತುಂಬತೊಡಗಿದೆವು. ಎಂಟೇ ದಿನಗಳಲ್ಲಿ ದುರ್ಗಂಧವೆದ್ದಿತು. ನೆರೆಯವರು ಮೂಗು ಮುಚ್ಚಿಕೊಂಡರು. ನಾಚಿ ಅದನ್ನು ಚೆಲ್ಲಲು ಹೊರಟಾಗ, ಅಜ್ಜಿಯು ತಿಪ್ಪೆಯ ಮೇಲೆ ತಪ್ಪದೆ ತರಗು ಹರಡುತ್ತಿದ್ದುದು ನೆನಪಾಯಿತು. ಹಸಿ ಕಸ ಒಂದು ಪಾಲಾದರೆ ಒಣ ಎಲೆ ಎರಡು ಪಾಲು ಬೇಕು; ಗಾಳಿಯಾಡದಿದ್ದರೆ ಅದು ನಾರುವುದೇ ಹೊರತು ಒಳ್ಳೆಯ ಗೊಬ್ಬರವಾಗದು. ಬೀದಿಯ ಬೇವಿನ ತರಗೆಲೆಗಳನ್ನು ಆಯ್ದು ಪದರ ಪದರವಾಗಿ ಹಾಸಿದೆವು, ವಾರಕ್ಕೊಮ್ಮೆ ಕಲಕಿದೆವು, ಇಲ್ಲಿಯ ಬಿರುಬೇಸಗೆಗೆ ಒಣಗದಂತೆ ನೀರು ಚಿಮುಕಿಸಿದೆವು. ಆಲ್ಬರ್ಟ್ ಹೋವರ್ಡರು ಇಂದೂರಿನಲ್ಲಿ ರೂಪಿಸಿ 1931ರಲ್ಲಿ ಗ್ರಂಥವಾಗಿ ಪ್ರಕಟಿಸಿದ ಗೊಬ್ಬರದ ಪದ್ಧತಿಯಲ್ಲಿಯೂ ಇದೇ ಪದರ, ಇದೇ ಗಾಳಿ, ಇದೇ ತೇವ ಉಂಟೆಂದು ಬಳಿಕ ಓದಿ ಬೆರಗಾದೆವು.

ಮೂರು ತಿಂಗಳು ಕಳೆಯಲು ಸಿಪ್ಪೆಯ ಗುರುತೇ ಉಳಿಯಲಿಲ್ಲ. ಕಪ್ಪನೆಯ ಹುಡಿಯಿಂದ ಮೊದಲ ಮಳೆಯ ಮಣ್ಣಿನ ಕಂಪು ಬರುತ್ತಿತ್ತು. ಮೊದಲ ಬೊಗಸೆಯನ್ನು ನೆರೆಮನೆಯ ತುಳಸಿಗೇ ಹಾಕಿದೆವು.

ಪಿರಾಣಾದ ಗುಡ್ಡ ನಮ್ಮಿಂದ ಕರಗಲಿಲ್ಲ, ನಿಜ. ಆದರೆ ಅತ್ತ ಹೋಗುವ ನಮ್ಮ ಪಾಲು ಕಿರಿದಾಯಿತು. ಅಜ್ಜಿಯ ಮುಂದೆ ತಲೆಯೆತ್ತಿ ನಿಲ್ಲಲು ಅಷ್ಟು ಸಾಕು.