ಹೊಲಿಗೆ ಬಿಚ್ಚಿದ ಮೇಲೆ

ಹೊಲಿಗೆ ಬಿಚ್ಚಿದ ದಿನ ಡಾಕ್ಟರು 'ವಾಸಿಯಾಯ್ತು' ಅಂದರು. ಗೆಳೆಯರೇ, ವಾಸಿಯಾಗುವ ಕೆಲಸ ಶುರುವಾದದ್ದೇ ಅಲ್ಲಿಂದ.

ನನ್ನ ಕೈಗೆ ನಾನೇ ಮಾಡಿಕೊಂಡ ಗಾಯ ಅದು. ಚರ್ಮ ಎರಡು ವಾರಕ್ಕೆ ಕೂಡಿಕೊಂಡಿತು. ಪೆಟ್ಟಾದ ನರ ಮಾತ್ರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಬೆರಳ ತುದಿ ಮುಟ್ಟಲು ತಿಂಗಳುಗಳೇ ಬೇಕು. ಕಲೆ ಕೆಂಪು ಕಳೆದು ಮೆತ್ತಗಾಗಲು ವರ್ಷ. ಅಷ್ಟೂ ದಿನ ಬೆರಳು ಮಡಚು, ಬಿಚ್ಚು, ಅದೇ ಕೂಲಿ. ಒಂದು ರಾತ್ರಿ ಜೋಮು ಹಿಡಿದ ಬೆರಳಿಗೆ ಮುದ್ದೆಯ ಬಿಸಿ ತಾಗಿತು. ಅವ್ವ ಅತ್ತಳು.

ಮನಸ್ಸಿಗೆ ಇಂಥ ಅಳತೆ ಇಲ್ಲ. ಕೇರಿಯವರೆಲ್ಲ 'ಓದ್ದೋನು, ಯಾಕ್ ಹಿಂಗ್ ಮಾಡ್ಕಂಡೆ?' ಅಂತ ಕೇಳಿದರು. ಅವ್ವ ಕೇಳಿದ್ದು 'ಉಂಡ್ಯಾ ಮಗ?' ಅದಕ್ಕೆ ಉತ್ತರ ಕೊಡುವಷ್ಟು ಶಕ್ತಿ ನನ್ನಲ್ಲಿತ್ತು. ಕೆಟ್ಟ ಯೋಚನೆ ಮತ್ತೆ ಎದ್ದ ರಾತ್ರಿ ಯಾರನ್ನು ಎಬ್ಬಿಸಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಲು ಮನೋವೈದ್ಯರು ಕಲಿಸಿದರು. ಆ ಚೀಟಿ ಈಗಲೂ ಜೇಬಿನಲ್ಲಿದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ನನ್ನಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸುತ್ತದೆ, ಅಪರಾಧಿಗಳೆಂದಲ್ಲ. ಆರೈಕೆ, ಚಿಕಿತ್ಸೆ, ಪುನರ್ವಸತಿ ಸರ್ಕಾರದ ಕರ್ತವ್ಯ ಎನ್ನುತ್ತದೆ. ಕೂಲಿ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಂತ ಅವ್ವ ಕೇಳುತ್ತಿದ್ದುದು ದಯೆಯನ್ನಲ್ಲ, ಹಕ್ಕನ್ನು.

ಮೇಷ್ಟ್ರುಗಳಿಗೆ ಒಂದು ಮಾತು. ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು ಬರುವ ಮಗುವಿನ ತೋಳನ್ನು ತರಗತಿಯೆದುರು ಸರಿಸಬೇಡಿ. ಪಕ್ಕಕ್ಕೆ ಕರೆದು ಕೂರಿಸಿಕೊಳ್ಳಿ. ಟೆಲಿ ಮಾನಸ್‌ನ 14416 ನಂಬರಿಗೆ ಹಗಲೂ ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಮಾತ್ರ, ಉಂಡಿದೆಯಾ ಅಂತ ಕೇಳಿ.