ತೆರೆಯದ ಪೆಟ್ಟಿಗೆಗಳು

ಮನುಷ್ಯನು ವಸ್ತುಗಳನ್ನು ಕೂಡಿಡುವುದಕ್ಕೆ ಎರಡು ಕಾರಣಗಳುಂಟು. ಒಂದು, ನಾಳೆ ಬೇಕಾದೀತೆಂಬ ಚಿಂತೆ. ಇನ್ನೊಂದು, ವಸ್ತುವಿನ ಮೇಲಿನ ಪ್ರೀತಿ. ಚಿಂತೆಯಿಂದ ಕೂಡಿಟ್ಟವನನ್ನು ಲೋಕವು ಜಿಪುಣನೆಂದು ಹಳಿಯುತ್ತದೆ. ಪ್ರೀತಿಯಿಂದ ಕೂಡಿಟ್ಟವನನ್ನು ರಸಿಕನೆಂದು ಕೊಂಡಾಡುತ್ತದೆ. ಆದರೆ ಬಳಸದೆ ಮುಚ್ಚಿಟ್ಟ ಪ್ರೀತಿಯಲ್ಲಿಯೂ ಒಂದು ನಷ್ಟ ಅಡಗಿರುತ್ತದೆ ಎಂಬುದು ಬೆಂಗಳೂರಿನ ಹಿರಿಯರೊಬ್ಬರ ಅರಿವಿಗೆ ಬಂದದ್ದು ಅವರ 71ನೆಯ ವಯಸ್ಸಿನಲ್ಲಿ.

ಅವರು ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿ ದುಡಿದು ನಿವೃತ್ತರಾದವರು. ನಿಜವಾದ ಕಾರುಗಳನ್ನು ಪ್ರಮಾಣಬದ್ಧವಾಗಿ ಕುಗ್ಗಿಸಿ ಮಾಡಿದ ಮಾದರಿ ಕಾರುಗಳ ಕಿಟ್‌ಗಳನ್ನು ಸಂಗ್ರಹಿಸುವುದು ಅವರ ಹವ್ಯಾಸ. ಇದನ್ನು ಮಕ್ಕಳ ಆಟಿಕೆಯೆಂದು ಭಾವಿಸಬಾರದು. ಕರಗಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ತುಂಬಿ ಬಿಡಿಭಾಗಗಳನ್ನು ಎರಕ ಹೊಯ್ಯುತ್ತಾರೆ. ಕಡ್ಡಿಗೆ ಎಲೆಗಳು ಅಂಟಿಕೊಂಡಿರುವಂತೆ ನೂರರಷ್ಟು ಭಾಗಗಳು ಒಂದು ಚೌಕಟ್ಟಿಗೆ ಅಂಟಿಕೊಂಡು ಪೆಟ್ಟಿಗೆಯಲ್ಲಿ ಬರುತ್ತವೆ. ಒಂದೊಂದನ್ನೂ ಕತ್ತರಿಸಿ, ಉಜ್ಜಿ, ಬಣ್ಣ ಬಳಿದು, ಜೋಡಿಸುವ ಕೆಲಸ ಕೊಂಡವರದೇ.

ಅವರ ಸಂಗ್ರಹದ ಮೊದಲ ಪೆಟ್ಟಿಗೆ 1957ರ ಷೆವರ್ಲೆ ಬೆಲ್ ಏರ್ ಕಾರಿನದು. 1987ರಲ್ಲಿ ಅವರ ಸೋದರಮಾವ ಅಮೆರಿಕದಿಂದ ತಂದುಕೊಟ್ಟದ್ದು. ಸುಮಾರು 5 ಮೀಟರ್ ಉದ್ದದ ಆ ಕಾರು 25ರಲ್ಲಿ ಒಂದು ಪ್ರಮಾಣಕ್ಕೆ ಇಳಿದು 20 ಸೆಂಟಿಮೀಟರ್ ಆಗಿತ್ತು. ಅಳತೆಯನ್ನೇ ಕಾಯಕವಾಗಿ ಮಾಡಿಕೊಂಡಿದ್ದವರಿಗೆ ಅದೊಂದು ವಿಸ್ಮಯ. ಇಷ್ಟು ಸುಂದರವಾದುದನ್ನು ಅವಸರದಲ್ಲಿ ಕೆಡಿಸಬಾರದು, ಮೊದಲು ಸಾಧಾರಣವಾದವುಗಳಲ್ಲಿ ಕೈ ಪಳಗಲಿ ಎಂದು ಅದನ್ನು ಅಲ್ಮೇರಾದ ಮೇಲಿಟ್ಟರು. ಐದಾರು ಮಾದರಿಗಳನ್ನು ಮಾಡಿಯೂ ನೋಡಿದರು. ಆದರೆ ಕೈ ಪಳಗಿದಷ್ಟೂ ತಪ್ಪುಗಳು ಸ್ಪಷ್ಟವಾಗಿ ಕಾಣತೊಡಗಿ, ಹೆದರಿಕೆಯೂ ಬೆಳೆಯಿತು. ಮುಂದೆ ಮಗ ಅಮೆರಿಕಕ್ಕೆ ಹೋದ ಮೇಲೆ ಪ್ರತಿ ಸಲವೂ ಒಂದೆರಡು ಪೆಟ್ಟಿಗೆ ತಂದನು. ಮಾಡುವುದು ನಿಂತಿತು, ಕೂಡಿಡುವುದು ಮುಂದುವರಿಯಿತು. ನಿವೃತ್ತಿಯ ನಂತರ ಎಲ್ಲವನ್ನೂ ಮಾಡುವೆನೆಂದರು. 2014ರಲ್ಲಿ ನಿವೃತ್ತಿಯೂ ಆಯಿತು. ಆ ಬಳಿಕ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಅನಂತರ ಬಲಗೈ ನಡುಕ. ಅಷ್ಟರಲ್ಲಿ ಪೆಟ್ಟಿಗೆಗಳು 43 ಆಗಿದ್ದವು.

ಮನೆಗೆ ಬಂದವರಿಗೆ ಅವರು ಜಪಾನಿನ ಷಿಜುವೊಕಾ ನಗರದ ತಮಿಯಾ ಕಂಪನಿಯ ಕಥೆಯನ್ನು ಹೇಳುತ್ತಿದ್ದರು. 1946ರಲ್ಲಿ ಯೊಷಿಯೊ ತಮಿಯಾ ಅದನ್ನು ಆರಂಭಿಸಿದಾಗ ಅದು ಮರ ಕೊಯ್ದು ಮಾರುವ ಸಂಸ್ಥೆ. ಮುಂದೆ ಮರದ ಮಾದರಿಗಳನ್ನು ಮಾಡತೊಡಗಿ, 1953ರ ಹೊತ್ತಿಗೆ ಮರದ ವ್ಯಾಪಾರವನ್ನೇ ಬಿಟ್ಟಿತು. ವಿದೇಶಿ ಪ್ಲಾಸ್ಟಿಕ್ ಕಿಟ್‌ಗಳು ಬಂದು ಮರದ ಮಾದರಿಗಳನ್ನು ಕೇಳುವವರು ಕಡಿಮೆಯಾದಾಗ, 1960ರಲ್ಲಿ ಯಾಮಾಟೊ ಯುದ್ಧನೌಕೆಯ ಮೂಲಕ ಪ್ಲಾಸ್ಟಿಕ್ಕಿಗೆ ಕೈ ಹಾಕಿತು. ಸಂಸ್ಥಾಪಕರ ಮಗ ಷುನ್ಸಾಕು ತಮಿಯಾ 1970ರ ದಶಕದಲ್ಲಿ ಪೋರ್ಷೆ ಕಾರಿನ ಮಾದರಿ ಮಾಡಲು ಹೊರಟಾಗ ಚಿತ್ರಗಳನ್ನು ನೋಡಿ ತೃಪ್ತರಾಗಲಿಲ್ಲ. ನಿಜವಾದ ಪೋರ್ಷೆ 911 ಕಾರೊಂದನ್ನು ಕೊಂಡು, ಬಿಡಿಬಿಡಿಯಾಗಿ ಬಿಚ್ಚಿಸಿ ಅಭ್ಯಾಸ ಮಾಡಿಸಿದರು. 12ರಲ್ಲಿ ಒಂದು ಪ್ರಮಾಣದ ಪೋರ್ಷೆ 934 ಕಿಟ್ 1976ರಲ್ಲಿ ಹೊರಬಂದದ್ದು ಹೀಗೆ. ಷುನ್ಸಾಕು ತಮಿಯಾ 2025ರ ಜುಲೈನಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ನಿಧನರಾದರು.

ಆ ಸುದ್ದಿಯನ್ನು ಓದಿದ ದಿನ ಹಿರಿಯರಿಗೆ ತಮ್ಮ ಮಾತೇ ತಮ್ಮನ್ನು ಚುಚ್ಚಿತು. ನಿಜವಾದ ಕಾರನ್ನೇ ಬಿಚ್ಚಿಸಿದವರ ಕಥೆಯನ್ನು ಅವರು ಇಷ್ಟು ವರ್ಷ ಹೇಳಿದ್ದು, ಬಿಚ್ಚದ ಪೆಟ್ಟಿಗೆಗಳ ಪಕ್ಕದಲ್ಲಿ ಕುಳಿತು. ಅಂದೇ 1987ರ ಪೆಟ್ಟಿಗೆಯನ್ನು ಇಳಿಸಿ ತೆರೆದರು.

ಒಳಗಿನ ದೃಶ್ಯ ಅವರು ನಿರೀಕ್ಷಿಸಿದ್ದಲ್ಲ. ಕಿಟ್‌ನ ಟೈರುಗಳನ್ನು ಮಾಡುವುದು ಮೆದುವಾದ ವಿನೈಲ್‌ನಿಂದ. ಅದನ್ನು ಮೆದುವಾಗಿಸಲು ಬೆರೆಸುವ ಎಣ್ಣೆಯಂಥ ದ್ರವ್ಯ ವರ್ಷಗಳು ಕಳೆದಂತೆ ಹೊರಸೂಸಿ, ತಾನು ತಾಗಿದ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಒಂದು ಟೈರು ಮುಂಗಾಜಿಗೆ ಒರಗಿ ಕುಳಿತಿದ್ದು, ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಬಿದಿಗೆಯ ಚಂದ್ರನಂಥ ಗಾಯವನ್ನು ಮಾಡಿತ್ತು. ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರಪಟ್ಟಿಗಳು ಹಳದಿಗೆ ತಿರುಗಿದ್ದವು. ಯಾರ ಕೈಯೂ ತಾಗದೆಯೇ ವಸ್ತು ಕೆಟ್ಟಿತ್ತು.

ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದ ಅವರನ್ನು ನೋಡಿ ಪತ್ನಿ ಹೇಳಿದರು: “ಉಪ್ಪಿನಕಾಯಿ ಭರಣೀನೇ ಮುಟ್ಟದೆ ಇಟ್ರೆ ಬೂಷ್ಟು ಹಿಡಿಯತ್ತೆ ರೀ. ಇದು ಮೂವತ್ತೆಂಟು ವರ್ಷ ಹಾಗೇ ಇರತ್ತೆ ಅಂದ್ಕೊಂಡಿದ್ರಾ?”

ಮರುದಿನದಿಂದ ಕೆಲಸ ಆರಂಭವಾಯಿತು. ಹಳದಿಯಾದ ಚಿತ್ರಪಟ್ಟಿಗಳನ್ನು ಕಿಟಕಿಯ ಗಾಜಿಗೆ ಅಂಟಿಸಿದರು. ಬಿಸಿಲು ವಾರಗಟ್ಟಲೆ ಬಿದ್ದರೆ ಆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ಮುಂಗಾಜನ್ನು ನುಣುಪಾದ ಉಜ್ಜುಕಾಗದದಿಂದಲೂ ಅನಂತರ ಹಲ್ಲುಪೇಸ್ಟಿನಿಂದಲೂ ತಿಕ್ಕಿದರು. ನಡುಗುವ ಕೈಯ ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದು, ದಿನಕ್ಕೆ ಅರ್ಧ ಗಂಟೆ ಮಾತ್ರ ಕೆಲಸ ಮಾಡಿದರು. ಅಂಟು ಹಾಕುವ ಮೊದಲು ಪ್ರತಿಯೊಂದು ಭಾಗವನ್ನೂ ಬರಿದೆ ಜೋಡಿಸಿ ನೋಡಿದರು. ಈ ಅಂಟು ಎರಡೂ ಮೈಗಳನ್ನು ಕರಗಿಸಿ ಒಂದಾಗಿ ಬೆಸೆಯುವುದರಿಂದ, ತಪ್ಪಾಗಿ ಕೂಡಿದ್ದನ್ನು ಬಿಡಿಸುವುದು ಕಷ್ಟ.

ಬಣ್ಣದಲ್ಲಿಯೂ ಅವರು ಒಂದು ಮಿತಿಯನ್ನು ಒಪ್ಪಿಕೊಳ್ಳಬೇಕಾಯಿತು. ನಿಜವಾದ ಕಾರಿನ ಬಣ್ಣದ ಪದರ ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟಿದ್ದರೆ, ಈ ಮಾದರಿಯಲ್ಲಿ ಅದು ಅದಕ್ಕಿಂತ 25 ಪಟ್ಟು ತೆಳುವಾಗಿರಬೇಕು. ಅಷ್ಟು ತೆಳುವಾಗಿ ಬಳಿಯುವುದು ಕೈಗೆ ಸಾಧ್ಯವಿಲ್ಲ. ತೆಳುವಾದ ಪದರಗಳನ್ನು ಬಳಿದು, ಒಣಗಲು ಬಿಟ್ಟು, ಉಜ್ಜಬಹುದು, ಅಷ್ಟೇ. ಪರಿಪೂರ್ಣತೆಗಾಗಿ ಕಾದವರು ಕಾದದ್ದು ಯಾವುದಕ್ಕಾಗಿ ಎಂಬ ಪ್ರಶ್ನೆ ಅವರಿಗೆ ಆಗ ಎದುರಾಯಿತು.

ಕಾರಿನ ಅಡಿಭಾಗದ ಗೇರ್‌ಬಾಕ್ಸ್, ಹೊಗೆ ಕೊಳವೆ, ಸ್ಪ್ರಿಂಗ್‌ಗಳಿಗೂ ಅವರು ಬೇರೆ ಬೇರೆ ಬಣ್ಣ ಬಳಿಯುತ್ತಿದ್ದುದನ್ನು ಮೊಮ್ಮಗ ಅಮೆರಿಕದಿಂದ ವಿಡಿಯೊ ಕರೆಯಲ್ಲಿ ನೋಡಿದನು.

“ತಾತ, ಕೆಳಗಡೆ ಯಾರು ನೋಡ್ತಾರೆ?”

“ನಾನು ನೋಡಿದೀನಲ್ಲಪ್ಪ,” ಎಂದರು ಅವರು.

ನಾಲ್ಕು ತಿಂಗಳಿಗೆ ಕಾರು ಸಿದ್ಧವಾಯಿತು. ಆ ರಾತ್ರಿ ಅವರು ಲೆಕ್ಕ ಹಾಕಿದರು. ಉಳಿದದ್ದು 42 ಪೆಟ್ಟಿಗೆ. ಒಂದಕ್ಕೆ ನಾಲ್ಕು ತಿಂಗಳಾದರೆ 14 ವರ್ಷ. ಕೈ ಇನ್ನು ಅಷ್ಟು ಕಾಲ ಒದಗುವುದಿಲ್ಲವೆಂಬುದು ಅವರಿಗೆ ತಿಳಿದಿತ್ತು. ಮೂರು ವರ್ಷಕ್ಕೆ ಸಾಕೆಂದು ಒಂಬತ್ತನ್ನು ಉಳಿಸಿಕೊಂಡರು.

ಮಿಕ್ಕ 33 ಪೆಟ್ಟಿಗೆಗಳನ್ನು ಒಟ್ಟಿಗೆ ಕೊಳ್ಳಲು ಸಂಗ್ರಾಹಕರೊಬ್ಬರು ಮುಂದೆ ಬಂದರು. ತೆರೆಯದ ಹಳೆಯ ಪೆಟ್ಟಿಗೆಗೆ ಬೆಲೆ ಹೆಚ್ಚು. ಅವರು ಹೇಳಿದ ಮೊತ್ತ ನಿವೃತ್ತ ಜೀವನಕ್ಕೆ ಸಣ್ಣದೇನಲ್ಲ. ಹಿರಿಯರು ಎರಡು ದಿನ ಯೋಚಿಸಿ ಒಲ್ಲೆನೆಂದರು. ಇನ್ನೊಂದು ಅಲ್ಮೇರಾದ ಮೇಲೆ ಮತ್ತೆ ಮೂವತ್ತು ವರ್ಷ ಅವು ಕೂರುವುದು ಅವರಿಗೆ ಸಹ್ಯವಾಗಲಿಲ್ಲ. ಬಡಾವಣೆಯ ಡಿಪ್ಲೊಮಾ ವಿದ್ಯಾರ್ಥಿಗಳಿಗೆ, ಪರಿಚಿತರ ಮಕ್ಕಳಿಗೆ ಒಂದೊಂದಾಗಿ ಕೊಟ್ಟರು. ಕೊಡುವ ಮೊದಲು ಪ್ರತಿಯೊಂದು ಪೆಟ್ಟಿಗೆಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ತಾವೇ ಬ್ಲೇಡಿನಿಂದ ಸೀಳಿದರು. ಟೈರುಗಳನ್ನು ಬೇರೆ ಕಾಗದದ ಪೊಟ್ಟಣದಲ್ಲಿ ಕಟ್ಟಿದರು. ಮೊದಲ ಪೆಟ್ಟಿಗೆಯನ್ನು ಸೀಳುವಾಗ ಕೈ ನಡುಗಿದ್ದು ವಯಸ್ಸಿನಿಂದ ಮಾತ್ರವಲ್ಲ ಎಂದು ಪತ್ನಿ ಬಲ್ಲರು.

ಷೆವರ್ಲೆ ಈಗ ಅವರ ಮೇಜಿನ ಮೇಲಿದೆ. ಎಷ್ಟು ಉಜ್ಜಿದರೂ ಮುಂಗಾಜಿನ ಗಾಯ ಪೂರ್ತಿಯಾಗಿ ಮಾಯಲಿಲ್ಲ. ಬೆಳಕು ಬಿದ್ದಾಗ ಮಸುಕಾದ ಗೆರೆಯಾಗಿ ಕಾಣುತ್ತದೆ. ನೋಡಲು ಬಂದವರು ಬಣ್ಣವನ್ನು ಹೊಗಳಿದರೆ, ಅವರು ಆ ಗೆರೆಯನ್ನು ತೋರಿಸುತ್ತಾರೆ. ಬಳಿಕ ಕಾರನ್ನು ಮಗುಚಿ, ಅಡಿಭಾಗವನ್ನು ತೋರಿಸುತ್ತಾರೆ.