ಮಳೆಗಾಲದ ವೇಳಾಪಟ್ಟಿ

ಕೊಂಕಣ ರೈಲ್ವೆಗೆ ವರ್ಷದಲ್ಲಿ ಎರಡು ವೇಳಾಪಟ್ಟಿ. ಒಂದು ಒಣ ದಿನಗಳದ್ದು, ಇನ್ನೊಂದು ಮಳೆಗಾಲದ್ದು. ಬಹಳ ವರ್ಷ ಜೂನ್ 10ರಿಂದ ಅಕ್ಟೋಬರ್ 31ರವರೆಗೆ ನಡೆಯುತ್ತಿದ್ದ ಮಳೆಗಾಲದ ಪಟ್ಟಿ 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಎಂದಾಯಿತು. ಆ ತಿಂಗಳುಗಳಲ್ಲಿ ಅದೇ ರೈಲು, ಅದೇ ಹಳಿ, ಆದರೆ ಊರು ಮುಟ್ಟುವ ಹೊತ್ತು ಬೇರೆ. ಮುಂಬೈಯಲ್ಲಿ ಓದುತ್ತಿರುವ ನಮ್ಮ ಕಡೆಯವರೆಲ್ಲ ಇದರ ಬಗ್ಗೆ ಗೊಣಗುವವರೇ. ಬೋಗಿಯಲ್ಲಿ ಯಾರಾದರೂ ಒಬ್ಬರು "ಎತ್ತಿನ ಗಾಡಿಯೇ ವಾಸಿ" ಎನ್ನುತ್ತಾರೆ, ಎದುರಿನವರು ನಗುತ್ತಾರೆ, ಅಷ್ಟರಲ್ಲಿ ಇನ್ನೊಂದು ಸುರಂಗ ಬರುತ್ತದೆ.

ಈ ಪಟ್ಟಿಯ ಹಿಂದೆ ಎರಡು ರಾತ್ರಿಗಳಿವೆ ಅಥವಾ ಎರಡು ಜೂನ್ ತಿಂಗಳುಗಳಿವೆ ಎನ್ನಬೇಕು. 2003ರ ಜೂನ್ 22ರಂದು ಕಾರವಾರದಿಂದ ಮುಂಬೈಗೆ ಹೊರಟಿದ್ದ ರಜಾ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿಯ ಬಳಿ ಹಳಿಯ ಮೇಲೆ ಕುಸಿದಿದ್ದ ಬಂಡೆ ಮಣ್ಣಿಗೆ ಸಿಕ್ಕಿ ಹಳಿ ತಪ್ಪಿತು. 50ಕ್ಕೂ ಹೆಚ್ಚು ಜನ ಸತ್ತರು. ಸರಿಯಾಗಿ ಒಂದು ವರ್ಷವೂ ಆಗಿರಲಿಲ್ಲ. 2004ರ ಜೂನ್ 16ರಂದು ಮಂಗಳೂರಿನಿಂದ ಹೊರಟ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಕರಂಜಾಡಿಯ ಬಳಿ ಬಂಡೆಗಳಿಗೆ ಬಡಿದು ಸೇತುವೆಯ ಹತ್ತಿರ ಉರುಳಿತು. ನಾನು ಊರಿಗೆ ಹೋಗಿ ಬರುವುದು ಅದೇ ಮತ್ಸ್ಯಗಂಧಾದಲ್ಲಿ. ಆಗ ನಾನಿನ್ನೂ ಕನ್ನಡ ಶಾಲೆಯ ಹುಡುಗಿ. ನೆನಪಿರುವುದು ಪತ್ರಿಕೆಯ ಒಂದು ಕಪ್ಪು ಬಿಳುಪು ಚಿತ್ರ ಮತ್ತು ಓಣಿಯಲ್ಲಿ ಹೆಂಗಸರು ತಗ್ಗಿದ ದನಿಯಲ್ಲಿ ಮಾತಾಡಿಕೊಂಡದ್ದು, ಅಷ್ಟೇ.

ಕೊಂಕಣ ರೈಲ್ವೆಯನ್ನು ಹೊಗಳುವವರು ಸಾಮಾನ್ಯವಾಗಿ ಕಟ್ಟಿದ ಕತೆಯನ್ನು ಹೇಳುತ್ತಾರೆ. 741 ಕಿಲೋಮೀಟರ್, ತೊಂಬತ್ತಕ್ಕೂ ಹೆಚ್ಚು ಸುರಂಗ, ಎರಡು ಸಾವಿರದ ಹತ್ತಿರ ಸೇತುವೆ, ಇ. ಶ್ರೀಧರನ್, ಜಾರ್ಜ್ ಫರ್ನಾಂಡಿಸ್, 1998ರ ಜನವರಿ 26. ಅದು ದೊಡ್ಡ ಕತೆಯೇ, ಸುಳ್ಳಲ್ಲ. ನನಗೆ ಮಾತ್ರ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಟ್ಟಿ ಮುಗಿದ ಮೇಲಿನ ಕತೆ. ಗುಡ್ಡ ಕತ್ತರಿಸಿದ್ದೇವೆ, ಗುಡ್ಡ ಸುಮ್ಮನಿರುವುದಿಲ್ಲ, ಆದ್ದರಿಂದ ನಾವು ನಿಧಾನ ಹೋಗುತ್ತೇವೆ ಎಂದು ಒಂದು ಸಂಸ್ಥೆ ಅಚ್ಚು ಹಾಕಿಸಿ ಒಪ್ಪಿಕೊಳ್ಳುವುದು ನಮ್ಮ ದೇಶದಲ್ಲಿ ಅಪರೂಪ.

ಒಪ್ಪಿಕೊಂಡ ಮೇಲೆ ಮಾಡಿದ ಕೆಲಸಗಳೂ ಕಣ್ಣಿಗೆ ಕಾಣುವಂಥವು. ಕಡಿದಾದ ಧರೆಗಳನ್ನು ಇಳಿಜಾರಾಗಿ ಕತ್ತರಿಸಿದರು, ಬಂಡೆಗಳ ಮೇಲೆ ಉಕ್ಕಿನ ಬಲೆ ಹೊದಿಸಿದರು, ಮಣ್ಣು ಹಿಡಿದಿಡಲು ಲಾವಂಚ ನೆಟ್ಟರು. ಮಾಣಗಾಂವ್‌ನಿಂದ ಉಡುಪಿಯವರೆಗೆ ಒಂಬತ್ತು ನಿಲ್ದಾಣಗಳಲ್ಲಿ ತಾನೇ ದಾಖಲಿಸಿಕೊಳ್ಳುವ ಮಳೆಮಾಪಕಗಳಿವೆ. ನಮ್ಮ ರಾಜ್ಯದಲ್ಲಿ ಕಾರವಾರ, ಭಟ್ಕಳ, ಉಡುಪಿ. ಗಾಳಿಯ ವೇಗ ಅಳೆಯುವ ಯಂತ್ರಗಳಲ್ಲಿ ಒಂದು ಹೊನ್ನಾವರದ ಶರಾವತಿ ಸೇತುವೆಯ ಮೇಲಿದೆ. ಜೋರು ಮಳೆ ಬಂದು ಮುಂದಿನ ದಾರಿ ಕಾಣದಂತಾದರೆ ಗಂಟೆಗೆ 40 ಕಿಲೋಮೀಟರಿಗೆ ಇಳಿಸಬೇಕೆಂದು ಚಾಲಕರಿಗೆ ಆದೇಶವಿದೆ. ಹಾಗಂತ ಬಂಡೆ ಬೀಳುವುದು ನಿಂತಿಲ್ಲ. 2021ರ ಜೂನ್‌ನಲ್ಲಿ ಕರ್ಬುಡೆ ಸುರಂಗದೊಳಗೆ ರಾಜಧಾನಿ ಎಕ್ಸ್‌ಪ್ರೆಸ್ ಬಂಡೆಗೆ ತಾಗಿ ಹಳಿ ತಪ್ಪಿತು. ಯಾರಿಗೂ ಏನೂ ಆಗಲಿಲ್ಲ.

ನನ್ನ ಸಂಶೋಧನೆ ಇರುವುದು ಹಳಿ ಕಾಯುವವರ ಕೆಲಸದ ಮೇಲೆ. ಯಂತ್ರಗಳ ಪಟ್ಟಿ ಯಾವ ಕರಪತ್ರದಲ್ಲಾದರೂ ಸಿಗುತ್ತದೆ. ರಾತ್ರಿ ಮಳೆಯಲ್ಲಿ ಹಳಿಯ ಮೇಲೆ ನಡೆಯುವವನು ಎಲ್ಲೂ ಸಿಗುವುದಿಲ್ಲ. ಕಾಗದದಲ್ಲಿ ಅವನ ಹೆಸರು ಪ್ಯಾಟ್ರೋಲ್‌ಮನ್. ಊರವರು ಇವತ್ತಿಗೂ ಗ್ಯಾಂಗ್‌ಮನ್ ಎನ್ನುತ್ತಾರೆ. ಬೆನ್ನಿಗೊಂದು ಚೀಲ, ಅದರಲ್ಲಿ ಕೆಂಪು ಬಾವುಟ, ಡೆಟೋನೇಟರುಗಳು. ಕೈಯಲ್ಲಿ ಬಣ್ಣ ಬದಲಿಸುವ ದೀಪ, ಟಾರ್ಚು, ಕೊರಳಲ್ಲಿ ಸೀಟಿ. ಡೆಟೋನೇಟರಿಗೆ ಅವರು ಕರೆಯುವುದು ಪಟಾಕಿ ಎಂದೇ. ಹಳಿಗೆ ಕಟ್ಟುವ ಚಪ್ಪಟೆ ಡಬ್ಬಿ ಅದು. ಎಂಜಿನ್ನಿನ ಚಕ್ರ ಹತ್ತಿದಾಗ ಢಂ ಎನ್ನುತ್ತದೆ, ಚಾಲಕ ಬ್ರೇಕ್ ಹಾಕುತ್ತಾನೆ. ಧರೆ ಕುಸಿದದ್ದು ಕಂಡರೆ ಆ ಜಾಗದಿಂದ 600 ಮೀಟರ್ ದೂರದಲ್ಲಿ ಒಂದು ಪಟಾಕಿ, 1200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರಿಗೆ ಒಂದರಂತೆ ಮೂರು ಕಟ್ಟಬೇಕು. ಹೇಳಲು ಸುಲಭ. ಕತ್ತಲಲ್ಲಿ, ಜಲ್ಲಿಯ ಮೇಲೆ, ಮಳೆಯಂಗಿ ಹಾಕಿಕೊಂಡು 1200 ಮೀಟರ್ ಓಡುವುದನ್ನು ಒಮ್ಮೆ ಮನಸ್ಸಿನಲ್ಲೇ ಮಾಡಿ ನೋಡಿ. ಈ ದಾರಿಯ ಬಹುಭಾಗ ಒಂಟಿ ಹಳಿ. ಒಂದು ಕಡೆಗೆ ಓಡಿದವನು ಇನ್ನೊಂದು ಕಡೆಗೂ ಓಡಬೇಕು. ಮೊದಲು ಯಾವ ಕಡೆಯಿಂದ ಗಾಡಿ ಬರುತ್ತದೆ ಎಂಬ ಲೆಕ್ಕ ತಲೆಯಲ್ಲಿರಬೇಕು.

ಅವರ ಹತ್ತಿರ ಒಂದು ಪುಸ್ತಕವೂ ಇರುತ್ತದೆ. ಎರಡು ದಿಕ್ಕಿನಿಂದ ನಡೆದು ಬಂದ ಇಬ್ಬರು ಗಸ್ತಿನವರು ನಡುದಾರಿಯಲ್ಲಿ ಭೇಟಿಯಾಗಿ ಪುಸ್ತಕ ಅದಲುಬದಲು ಮಾಡಿಕೊಳ್ಳುತ್ತಾರೆ. ಅವನ ಪುಸ್ತಕ ಇವನ ನಿಲ್ದಾಣಕ್ಕೆ, ಇವನದು ಅವನ ನಿಲ್ದಾಣಕ್ಕೆ. ಸ್ಟೇಷನ್ ಮಾಸ್ತರು ಸಹಿ ಹಾಕುತ್ತಾರೆ. ಇಡೀ ದಾರಿಯನ್ನು ಮನುಷ್ಯರ ಕಣ್ಣು ನೋಡಿದೆ ಎಂಬುದಕ್ಕೆ ಅದೇ ಸಾಕ್ಷಿ. ಗಸ್ತಿನವನು ಹೊತ್ತಿಗೆ ಬರಲಿಲ್ಲವೆಂದರೆ, ಏನಾಯಿತೆಂದು ತಿಳಿಯುವ ಮೊದಲೇ, ಆ ದಾರಿಯ ರೈಲುಗಳನ್ನು ನಿಲ್ಲಿಸಿ ನಿಧಾನ ಹೋಗುವಂತೆ ಕಾಶನ್ ಆರ್ಡರ್ ಕೊಡಬೇಕು. ನನಗೆ ಈ ನಿಯಮ ಬಹಳ ಇಷ್ಟ. ಸುದ್ದಿ ಬಾರದಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳುವುದು ನಮ್ಮ ಸ್ವಭಾವ. ಇಲ್ಲಿ ಸುದ್ದಿ ಬಾರದಿರುವುದೇ ಅಪಾಯದ ಸುದ್ದಿ.

ಇಪ್ಪತ್ತು ಮಳೆಗಾಲ ನಡೆದ ಒಬ್ಬರ ಜೊತೆ ಒಂದು ಸಂಜೆ ಕೂತಿದ್ದೆ. ಗುಡ್ಡ ಜಾರುವುದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. "ಬಿದ್ದದ್ದು ಕಣ್ಣಿಗೆ ಕಾಣ್ತದೆ ತಂಗಿ, ಬೀಳುವುದು ನೀರಿನಲ್ಲಿ ಗೊತ್ತಾಗ್ತದೆ. ದಿನಾ ತಿಳಿ ನೀರು ಬರುವ ಜಾಗದಲ್ಲಿ ಕೆಂಪು ನೀರು ಬಂತು ಅಂದ್ರೆ ನಾನು ಅಲ್ಲಿಂದ ಕದಲೂದಿಲ್ಲ" ಎಂದರು. ಇದು ಯಾವ ತರಬೇತಿಯಲ್ಲಿ ಹೇಳಿಕೊಟ್ಟದ್ದು ಎಂದರೆ ನಕ್ಕು ಬೀಡಿ ಹಚ್ಚಿದರು.

2024ರ ಜುಲೈ ತಿಂಗಳಲ್ಲಿ ಈ ವ್ಯವಸ್ಥೆಗೆ ಒಂದಾದ ಮೇಲೊಂದು ಪರೀಕ್ಷೆ ಬಂತು. 9ರಂದು ಗೋವಾದ ಪೆಡ್ನೆ ಸುರಂಗದೊಳಗೆ ನೀರು ನುಗ್ಗಿತು. ರೈಲುಗಳನ್ನು ನಿಲ್ಲಿಸಿದರು, ಕೆಲವನ್ನು ಬೇರೆ ದಾರಿಗೆ ತಿರುಗಿಸಿದರು. 14ರ ಸಂಜೆ ರತ್ನಾಗಿರಿ ಜಿಲ್ಲೆಯ ದಿವಾಣಖವಟಿ ಸುರಂಗದ ಬಳಿ ಗುಡ್ಡ ಕುಸಿಯಿತು. ಸುಮಾರು ಒಂದು ದಿನ ದಾರಿ ಬಂದ್. ಸಾವಿರಾರು ಜನ ನಿಲ್ದಾಣಗಳಲ್ಲಿ ಮಲಗಿದರು, ಬೈದರು, ಊರು ಮುಟ್ಟಿದರು.

ಅದಾದ ಎರಡನೆಯ ದಿನ, ಜುಲೈ 16ರ ಬೆಳಿಗ್ಗೆ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. ಗುಡ್ಡದ ಬುಡದಲ್ಲೊಂದು ಚಹಾ ಅಂಗಡಿ ಇತ್ತು. ಲಾರಿಯವರು ನಿಲ್ಲಿಸುವ ಜಾಗ. ಅಂಗಡಿ ನಡೆಸುತ್ತಿದ್ದ ಕುಟುಂಬ, ಚಹಾ ಕುಡಿಯಲು ನಿಂತವರು, ಗ್ಯಾಸ್ ಟ್ಯಾಂಕರ್, ಎಲ್ಲವನ್ನೂ ಮಣ್ಣು ಗಂಗಾವಳಿ ನದಿಗೆ ತಳ್ಳಿತು. ನದಿಯ ನೀರೆದ್ದು ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಹನ್ನೊಂದು ಜನ. ಕೇರಳದ ಒಬ್ಬ ಚಾಲಕನ ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು.

ಗಂಗಾವಳಿಯನ್ನು ರೈಲು ಹಳಿಯೂ ದಾಟುತ್ತದೆ. ಮಳೆ ಅದೇ, ಮಣ್ಣು ಅದೇ, ತಾಲೂಕೂ ಅದೇ. ಹಳಿಯ ಮೇಲೆ ಆ ವಾರ ನಡೆಯುತ್ತಿದ್ದವರಿದ್ದರು, ರಸ್ತೆಯ ಮೇಲೆ ಇರಲಿಲ್ಲ. ಚತುಷ್ಪಥಕ್ಕೆಂದು ಗುಡ್ಡದ ಬುಡವನ್ನು ನೆಟ್ಟಗೆ ಕತ್ತರಿಸಿದ್ದರ ಬಗ್ಗೆ ಆಮೇಲೆ ಬೇಕಾದಷ್ಟು ಚರ್ಚೆಯಾಯಿತು, ಆಗಲೇಬೇಕಿತ್ತು. ಆದರೆ ಕತ್ತರಿಸಿದ ಗುಡ್ಡವನ್ನು ಮಳೆಗಾಲದ ರಾತ್ರಿ ಯಾರು ನೋಡುತ್ತಿರುತ್ತಾರೆ ಎಂಬ ಪ್ರಶ್ನೆ ಅದರ ನಡುವೆ ಅಷ್ಟಾಗಿ ಕೇಳಲಿಲ್ಲ. ಭಾರಿ ಮಳೆಯ ಎಚ್ಚರಿಕೆ ಬಂದ ದಿನ ನಮ್ಮ ಜಿಲ್ಲೆಯಲ್ಲಿ ಶಾಲೆಗೆ ರಜೆ ಸಾರುತ್ತಾರೆ. ಮಕ್ಕಳು ಮನೆಯಲ್ಲಿ, ಹೆದ್ದಾರಿ ಎಂದಿನಂತೆ.

ನನ್ನ ಅಪ್ಪ ಆ ಹೆದ್ದಾರಿಯಲ್ಲಿ ಟೆಂಪೋ ಓಡಿಸುತ್ತಾರೆ. ಕುಮಟಾದಿಂದ ಕಾರವಾರ, ಕೆಲವೊಮ್ಮೆ ಭಟ್ಕಳ. ಆ ಬೆಳಿಗ್ಗೆ ಅವರು ಮನೆಯಲ್ಲೇ ಇದ್ದರು, ಬಾಡಿಗೆ ಇರಲಿಲ್ಲ. ಶಿರೂರಿನ ಆ ಅಂಗಡಿಯಲ್ಲಿ ಎಷ್ಟು ಸಲ ಚಹಾ ಕುಡಿದಿದ್ದೀರಿ ಎಂದು ನಾನು ಕೇಳಲಿಲ್ಲ, ಅವರಾಗಿ ಹೇಳಲೂ ಇಲ್ಲ. ವಾರದ ಮೇಲೆ ಫೋನಿನಲ್ಲಿ ರೈಲಿನವರ ನಿಯಮಗಳನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. 40 ಕಿಲೋಮೀಟರ್, ಪುಸ್ತಕ, ಪಟಾಕಿ. ಅಪ್ಪ ಪೂರ್ತಿ ಕೇಳಿಸಿಕೊಂಡು, "ರೈಲು ತಡ ಆದ್ರೆ ಡ್ರೈವರನ ಪಗಾರ ಕಡಿಮೆ ಮಾಡ್ತಾರಾ?" ಎಂದರು. ಇಲ್ಲ ಎಂದೆ. "ನಂಗೆ ಮಾಡ್ತಾರೆ" ಎಂದರು.

ಪ್ರಬಂಧದ ಒಂದು ಇಡೀ ಅಧ್ಯಾಯದಲ್ಲಿ ನಾನು ಸುತ್ತಿ ಸುತ್ತಿ ಬರೆಯುತ್ತಿದ್ದದ್ದು ಇದನ್ನೇ. ತಡವಾಗುವುದಕ್ಕೆ ಬೆಲೆ ಇದೆ, ಆ ಬೆಲೆಯನ್ನು ಯಾರಾದರೂ ತೆರಬೇಕು. ರೈಲ್ವೆ ಅದನ್ನು ಮೊದಲೇ ವೇಳಾಪಟ್ಟಿಯಲ್ಲಿ ಬರೆದು ಎಲ್ಲ ಪ್ರಯಾಣಿಕರಿಗೂ ಒಂದಿಷ್ಟು ಹಂಚಿಬಿಟ್ಟಿದೆ. ನನಗೊಂದು ಗಂಟೆ, ಎದುರು ಕೂತವರಿಗೊಂದು ಗಂಟೆ. ನಿಧಾನ ಓಡಿಸಿದ ಚಾಲಕನನ್ನು ಯಾರೂ ಕೇಳುವಂತಿಲ್ಲ, ಯಾಕೆಂದರೆ ನಿಧಾನವೇ ಅಲ್ಲಿ ಸರಿಯಾದ ಹೊತ್ತು. ರಸ್ತೆಯ ಮೇಲೆ ಆ ಬೆಲೆ ಪೂರ್ತಿ ಚಾಲಕನ ಜೇಬಿಗೇ ಬೀಳುತ್ತದೆ. ಮೀನಿನ ಮಂಜುಗಡ್ಡೆ ಕರಗುತ್ತಿರುತ್ತದೆ, ಮಾಲಿನ ಧಣಿ ಫೋನ್ ಮಾಡುತ್ತಿರುತ್ತಾನೆ. ಮಳೆ ಜೋರಾದರೆ ಎಲ್ಲಾದರೂ ನಿಲ್ಲಿಸಿ ಅಪ್ಪ ಎಂದು ಹೇಳುವುದು ಮುಂಬೈಯ ಹಾಸ್ಟೆಲಿನಲ್ಲಿ ಕೂತ ನನಗೆ ಸುಲಭ. ಅವರು ನಿಲ್ಲಿಸುವುದಾದರೂ ಎಲ್ಲಿ? ಗುಡ್ಡದ ಬುಡದ ಚಹಾ ಅಂಗಡಿಯ ಮುಂದೆ.

ಶಿರಾಡಿ, ಚಾರ್ಮಾಡಿಯಂಥ ಘಾಟಿಗಳಲ್ಲಿ ಮಳೆಗಾಲದಲ್ಲಿ ಆಗಾಗ ರಾತ್ರಿ ಸಂಚಾರ ನಿಲ್ಲಿಸುತ್ತಾರೆ. ಅಂದರೆ ರಸ್ತೆ ಮುಚ್ಚುವ ಅಧಿಕಾರ ಇಲ್ಲದೆ ಇಲ್ಲ. ಘಾಟಿ ನೋಡಿದರೆ ಯಾರಿಗಾದರೂ ಭಯವಾಗುತ್ತದೆ. ಕರಾವಳಿಯ ಹೆದ್ದಾರಿ ಸಮತಟ್ಟು, ಅಗಲ, ನುಣುಪು. ಅಲ್ಲಿ ಭಯ ಹುಟ್ಟುವುದೇ ಇಲ್ಲ.

ಕಳೆದ ಮಳೆಗಾಲಕ್ಕೆ ಮುಂಚೆ ಊರಿಗೆ ಹೋದಾಗ ಅಪ್ಪನ ಪಕ್ಕ ಕೂತು ಕಾರವಾರದವರೆಗೆ ಹೋಗಿ ಬಂದೆ. ದಾರಿಯುದ್ದಕ್ಕೂ ಅವರು ತೋರಿಸುತ್ತ ಹೋದರು. ಈ ಧರೆಯಲ್ಲಿ ಹೋದ ವರ್ಷ ಬಿರುಕು ಇತ್ತು. ಇಲ್ಲಿ ಚಿರೇಕಲ್ಲಿನ ಕೆಳಗೆ ಬರೀ ಜೇಡಿ. ಈ ತಿರುವಿನಲ್ಲಿ ಮೊದಲ ಮಳೆಗೇ ಕೆಂಪು ನೀರು ಬರುತ್ತದೆ. ಕೆಂಪು ನೀರು ಎಂದಾಗ ನಾನು ಅವರ ಮುಖ ನೋಡಿದೆ. ಗ್ಯಾಂಗ್‌ಮನ್ ಹೇಳಿದ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು ಕಿಲೋಮೀಟರ್ ಕಲ್ಲಿನ ಗುರುತು ಹಾಕುತ್ತ ಬರೆದುಕೊಂಡೆ. ಬರುವಾಗ ಎರಡು ಜಾಗ ಬಿಟ್ಟುಹೋಗಿದೆ ಎಂದು ಗಾಡಿ ನಿಲ್ಲಿಸಿ ಅವರೇ ಸೇರಿಸಿದರು.

ಪಟ್ಟಿಯನ್ನು ಯಾರಿಗೆ ಕೊಡಬೇಕೆಂದು ವಿಚಾರಿಸಿದೆ. ರಸ್ತೆಯ ಉಸ್ತುವಾರಿ ಒಬ್ಬರದು, ಗುಡ್ಡದ ಜಾಗ ಇನ್ನೊಬ್ಬರದು, ಸಂಚಾರ ನಿಲ್ಲಿಸುವ ಅಧಿಕಾರ ಮತ್ತೊಬ್ಬರದು ಎಂದರು. ಕುಮಟಾ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಮೂರು ಜೆರಾಕ್ಸ್ ಮಾಡಿಸಿದೆ.